ಎರಡು ಸಹಿ, 128 ಸೊನ್ನೆ

ರೂಟರ್‌ಗೆ ಹೊಸ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಒಳಗಿನ ತಂತ್ರಾಂಶ, ಬಂದಿದೆ. ಜೊತೆಗೆ, ಕಳಿಸಿದ್ದು ಸರಿಯಾದವರೇ ಎಂದು ತೋರಿಸುವ ಒಂದು ಡಿಜಿಟಲ್ ಸಹಿ ಇರಬೇಕು. ಸಹಿ ಸರಿಯಿದ್ದರೆ ಮಾತ್ರ ರೂಟರ್ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಈಗ ಸಹಿ ಇರಬೇಕಾದ ಜಾಗದಲ್ಲಿ ಯಾರೋ ಸಾಲಾಗಿ 128 ಸೊನ್ನೆ ಬರೆದು ಕಳಿಸಿದ್ದಾರೆ. ರೂಟರ್ ಬಾಗಿಲು ಹಾಕಿಕೊಳ್ಳಬೇಕು, ಅಲ್ವಾ? ಜರ್ಮನಿಯ ಊರೂರಿನಲ್ಲಿ ಹರಡಿದ್ದ ಫ್ರೈಫುಂಕ್ ಜಾಲದ ರೂಟರ್‌ಗಳು ಹಾಗೆ ಮಾಡುತ್ತಿರಲಿಲ್ಲ. ಸೊನ್ನೆಗಳನ್ನು ನೋಡಿ "ಸರಿ, ಬಾ" ಎನ್ನುತ್ತಿದ್ದವು. ಸಂಗತಿ ಹೊರಬಿದ್ದದ್ದು 2022ರ ಮೇ ತಿಂಗಳ ಮೊದಲ ವಾರದಲ್ಲಿ.

ನಾನು ಈ ಪ್ರಕರಣವನ್ನು ಆರಿಸಿಕೊಂಡಿರುವುದಕ್ಕೆ ಕಾರಣ ಇದೆ. ರೂಟರ್ ಅವಘಡಗಳ ಕಥೆ ಸಾಮಾನ್ಯವಾಗಿ "ಪಾಸ್‌ವರ್ಡ್ ಬದಲಿಸಿರಲಿಲ್ಲ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. 2017ರ ಜುಲೈ ಕೊನೆಯಲ್ಲಿ ಕರ್ನಾಟಕ ವಲಯದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮನೆಗಳಲ್ಲಿ ಸಾವಿರಾರು ಮೋಡೆಮ್‌ಗಳು ಕೆಟ್ಟಾಗಲೂ ಅದೇ ಕಥೆ: ಯೂಸರ್ ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಫ್ರೈಫುಂಕ್‌ನವರು ಅಂಥ ತಪ್ಪು ಮಾಡಿರಲಿಲ್ಲ. ಅವರ ಫರ್ಮ್‌ವೇರ್ ಸೇವೆಯ ವಿನ್ಯಾಸವನ್ನು ಇವತ್ತೂ ನಾನು ಬೇರೆಯವರಿಗೆ ತೋರಿಸುತ್ತೇನೆ. ಅಷ್ಟು ಚೆನ್ನಾಗಿದೆ. ಆದರೂ ಸೋತಿತು. ಎಲ್ಲಿ ಸೋತಿತು ಎನ್ನುವುದೇ ಇಲ್ಲಿರುವ ವಿಷಯ.

ಯಾರದೋ ಮನೆಯ ಕಿಟಕಿಯಲ್ಲಿರುವ ರೂಟರ್

ಜರ್ಮನ್‌ನಲ್ಲಿ ಫ್ರೈ ಎಂದರೆ ಮುಕ್ತ, ಫುಂಕ್ ಎಂದರೆ ರೇಡಿಯೊ. 2000ದ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಶುರುವಾದ ಸ್ವಯಂಸೇವಕರ ಚಳವಳಿ ಇದು. ಊರಿನವರು ತಮ್ಮ ಮನೆಯ ಕಿಟಕಿಯಲ್ಲೋ, ಅಂಗಡಿಯ ಮೇಲೋ, ಚರ್ಚಿನ ಗೋಪುರದಲ್ಲೋ ಒಂದು ಅಗ್ಗದ ರೂಟರ್ ಇಡುತ್ತಾರೆ. ಅಕ್ಕಪಕ್ಕದ ರೂಟರ್‌ಗಳು ವೈಫೈಯಲ್ಲೇ ಕೈಕೈ ಹಿಡಿದು ಒಂದು ಜಾಲವಾಗುತ್ತವೆ. ಇದಕ್ಕೆ ಮೆಶ್ ಎನ್ನುತ್ತಾರೆ. ದಾರಿಹೋಕರು ಯಾರು ಬೇಕಾದರೂ ಅದನ್ನು ಬಳಸಬಹುದು. ದುಡ್ಡಿಲ್ಲ, ಪಾಸ್‌ವರ್ಡ್ ಇಲ್ಲ.

ಪ್ರತಿ ಊರಿನದು ಪ್ರತ್ಯೇಕ ಗುಂಪು. ಆದರೆ ಬಹಳಷ್ಟು ಗುಂಪುಗಳು ಒಂದೇ ಫರ್ಮ್‌ವೇರ್ ಚೌಕಟ್ಟನ್ನು ಬಳಸುತ್ತವೆ. ಅದರ ಹೆಸರು ಗ್ಲೂಆನ್, ಲ್ಯೂಬೆಕ್ ಊರಿನ ಗುಂಪಿನಲ್ಲಿ ಹುಟ್ಟಿದ್ದು. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದ್ದು. ಊರಿನ ಗುಂಪು ತನ್ನ ಜಾಲದ ಹೆಸರು, ವಿಳಾಸ, ಸಹಿಯ ಕೀಗಳು ಇಂಥವನ್ನೆಲ್ಲ ಒಂದು ಫೈಲಿನಲ್ಲಿ ಬರೆದು ತನ್ನದೇ ಫರ್ಮ್‌ವೇರ್ ತಯಾರಿಸಿಕೊಳ್ಳುತ್ತದೆ.

ರೂಟರ್ ಎಂದರೆ ಎಂಥದ್ದು? ಬಹಳ ಕಾಲ ಇವರ ನೆಚ್ಚಿನ ಕುದುರೆ ಟಿಪಿ-ಲಿಂಕ್‌ನ ಡಬ್ಲ್ಯೂಆರ್ 841ಎನ್. ಅದರ ಫ್ಲ್ಯಾಶ್ (ಫರ್ಮ್‌ವೇರ್ ಉಳಿಯುವ ಮೆಮೊರಿ) 4 ಎಂಬಿ, ರ‍್ಯಾಮ್ 32 ಎಂಬಿ. ಫೋನಿನಲ್ಲಿ ತೆಗೆದ ಒಂದು ಫೋಟೊ ಹಿಡಿಯುವಷ್ಟು ಜಾಗದಲ್ಲಿ ಇಡೀ ಆಪರೇಟಿಂಗ್ ಸಿಸ್ಟಮ್ ಕೂರಬೇಕು. ಈ 4 ಎಂಬಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಎಷ್ಟೋ ತೀರ್ಮಾನಗಳು ಇದರಿಂದಲೇ ಹುಟ್ಟಿದ್ದು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆ ರೂಟರ್ ಗುಂಪಿನದಲ್ಲ, ಮನೆಯವರದ್ದು. ಮನೆಯವರೇ ತಮ್ಮ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗಲು ಬೇಕಾದ ಡಿಜಿಟಲ್ ಕೀಲಿ) ಹಾಕಿಕೊಂಡಿದ್ದರೆ ಮಾತ್ರ ದೂರದಿಂದ ಒಳಗೆ ಹೋಗಬಹುದು. ಹಾಕದಿದ್ದರೆ ಯಾರಿಗೂ ಪ್ರವೇಶ ಇಲ್ಲ, ಫರ್ಮ್‌ವೇರ್ ಬರೆದವರಿಗೂ ಇಲ್ಲ. ಒಳ್ಳೆಯ ನಿರ್ಧಾರ. ಆದರೆ ಇದರ ಅರ್ಥ ಏನು? ಸಾವಿರಾರು ರೂಟರ್‌ಗಳನ್ನು ರಿಪೇರಿ ಮಾಡಲು ಗುಂಪಿಗೆ ಇರುವುದು ಒಂದೇ ದಾರಿ: ರೂಟರ್ ತಾನಾಗಿಯೇ ಬಂದು ಹೊಸ ಫರ್ಮ್‌ವೇರ್ ಒಯ್ಯಬೇಕು.

ಕೇಳಲು ಬರುವವನು, ಬಾಗಿಲು ತಟ್ಟುವವನು

ಇಂಟರ್‌ನೆಟ್ ಕಂಪನಿಗಳು ಮಾಡುವ ರೀತಿ ಸಾಮಾನ್ಯವಾಗಿ ಬೇರೆ. ಟಿಆರ್-069 ಎಂಬ ಪ್ರೊಟೋಕಾಲ್‌ನಲ್ಲಿ ಕಂಪನಿಯ ಸರ್ವರ್ ಗ್ರಾಹಕರ ರೂಟರನ್ನು "ಸ್ವಲ್ಪ ಇತ್ತ ಬಾ" ಎಂದು ಕರೆಯಬಹುದು. ಆ ಕರೆ ಕೇಳಿಸಿಕೊಳ್ಳಲು ರೂಟರ್ 7547 ಎಂಬ ಪೋರ್ಟ್ ತೆರೆದಿಟ್ಟುಕೊಂಡಿರುತ್ತದೆ. 2016ರ ನವೆಂಬರ್ 27ರಂದು ಅದೇ ಜರ್ಮನಿಯಲ್ಲಿ ಇದರ ಬೆಲೆ ಗೊತ್ತಾಯಿತು. ಮಿರಾಯ್ ಎಂಬ ಮಾಲ್‌ವೇರ್‌ನ (ಹಾನಿ ಮಾಡುವ ತಂತ್ರಾಂಶದ) ಒಂದು ತಳಿ ಜಗತ್ತಿನ ಎಲ್ಲ 7547 ಬಾಗಿಲುಗಳನ್ನೂ ತಟ್ಟುತ್ತಾ ಹೋಯಿತು. ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಕುಸಿದವು. ಮಾಲ್‌ವೇರ್ ಒಳಗೆ ಹೋಗಲಿಲ್ಲ. ಬಾಗಿಲು ತಟ್ಟಿದ ಹೊಡೆತಕ್ಕೇ ರೂಟರ್‌ಗಳು ಮಲಗಿಬಿಟ್ಟವು. ಕಂಪನಿ ಹೊಸ ಫರ್ಮ್‌ವೇರ್ ಸಿದ್ಧ ಮಾಡಿ, "ಪ್ಲಗ್ ತೆಗೆದು ಮತ್ತೆ ಹಾಕಿ" ಎಂದು ಗ್ರಾಹಕರಿಗೆ ಹೇಳಿತು.

ಗ್ಲೂಆನ್‌ನಲ್ಲಿ ತಟ್ಟುವ ಬಾಗಿಲೇ ಇಲ್ಲ. ರೂಟರ್ ಗಂಟೆಗೊಮ್ಮೆ ಸರ್ವರ್ ಹತ್ತಿರ ಹೋಗಿ ಮ್ಯಾನಿಫೆಸ್ಟ್ ಎಂಬ ಒಂದು ಚಿಕ್ಕ ಪಠ್ಯದ ಫೈಲ್ ಓದಿಕೊಂಡು ಬರುತ್ತದೆ. ಎಲ್ಲ ರೂಟರ್‌ಗಳೂ ಒಟ್ಟಿಗೆ ಮುಗಿಬೀಳದಂತೆ ಯಾವ ನಿಮಿಷಕ್ಕೆ ಹೋಗಬೇಕು ಎಂಬುದು ಒಂದೊಂದರದು ಒಂದೊಂದು. ಫೈಲಿನ ಮೇಲ್ಭಾಗದಲ್ಲಿ ಇದು ಯಾವ ಶಾಖೆಯದು (ಪ್ರಯೋಗದ್ದೋ, ಜನಸಾಮಾನ್ಯರದ್ದೋ), ಯಾವಾಗ ಬಿಡುಗಡೆಯಾಯಿತು, ಎಷ್ಟು ದಿನದಲ್ಲಿ ಎಲ್ಲ ಕಡೆ ತಲುಪಬೇಕು ಎಂಬ ವಿವರ. ಕೆಳಗೆ ಒಂದೊಂದು ಮಾದರಿಗೂ ಒಂದೊಂದು ಸಾಲು: ಮಾದರಿಯ ಹೆಸರು, ಆವೃತ್ತಿ, ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ), ಗಾತ್ರ, ಫೈಲಿನ ಹೆಸರು. ಒಂದು ಗೆರೆ. ಅದರ ಕೆಳಗೆ ಸಹಿಗಳು. ಅಷ್ಟೇ. ಡೇಟಾಬೇಸ್ ಇಲ್ಲ, ಡ್ಯಾಶ್‌ಬೋರ್ಡ್ ಇಲ್ಲ, ಯಾವ ಸಾಮಾನ್ಯ ವೆಬ್ ಸರ್ವರ್ ಆದರೂ ನಡೆಯುತ್ತದೆ. ಸರ್ವರ್ ಬಿದ್ದರೆ ಅದೇ ಫೈಲ್‌ಗಳ ಪ್ರತಿ ಇಟ್ಟ ಪಕ್ಕದ ಮಿರರ್‌ನಿಂದ ತರುತ್ತದೆ. ಫರ್ಮ್‌ವೇರ್ ಸೇವೆ ಎಂದ ಕೂಡಲೇ ದೊಡ್ಡ ದೊಡ್ಡ ಪೆಟ್ಟಿಗೆಗಳ ಚಿತ್ರ ಬರೆಯುವವರಿಗೆ ನಾನು ಮೊದಲು ತೋರಿಸುವುದು ಈ ಮ್ಯಾನಿಫೆಸ್ಟನ್ನೇ.

ರೂಟರ್ ಇದನ್ನು ಓದುವುದು ಎಚ್‌ಟಿಟಿಪಿಯಲ್ಲಿ, ಗೂಢಲಿಪಿ ಇಲ್ಲದೆ. "ಅಯ್ಯೋ, ಎಚ್‌ಟಿಟಿಪಿಎಸ್ ಯಾಕಿಲ್ಲ?" ಎಂದು ಕೇಳಬಹುದು. 4 ಎಂಬಿ ನೆನಪಿದೆಯಲ್ಲ? ಆ ಗೂಢಲಿಪಿಗೆ ಬೇಕಾದ ಟಿಎಲ್‌ಎಸ್ ಲೈಬ್ರರಿ, ಪ್ರಮಾಣಪತ್ರಗಳ ಗಂಟು, ಇವಕ್ಕೆ ಜಾಗ ಎಲ್ಲಿದೆ? ಅದೂ ಅಲ್ಲದೆ ಮೆಶ್‌ಗೆ ಯಾರು ಬೇಕಾದರೂ ತಮ್ಮ ರೂಟರ್ ಸೇರಿಸಬಹುದು. ನಡುದಾರಿಯಲ್ಲಿ ಕಳ್ಳನಿರಬಹುದು ಎಂದು ಮೊದಲೇ ಒಪ್ಪಿಕೊಂಡ ಜಾಲ ಇದು. ಹಾಗಾಗಿ ದಾರಿಯನ್ನು ನಂಬುವ ಗೊಡವೆಗೇ ಇವರು ಹೋಗಲಿಲ್ಲ. ನಂಬಿಕೆಯೆಲ್ಲ ಸಹಿಯ ಮೇಲೆ. ತರ್ಕ ಸರಿಯಾಗಿಯೇ ಇದೆ.

ಸಹಿಯ ವಿಷಯದಲ್ಲಿ ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಒಬ್ಬರ ಸಹಿ ಸಾಲದು. ಫರ್ಮ್‌ವೇರ್ ಒಳಗೇ ಹಲವರ ಪಬ್ಲಿಕ್ ಕೀ (ಅವರ ಸಹಿಯನ್ನು ತಾಳೆ ನೋಡಲು ಬೇಕಾದ ಸಂಖ್ಯೆ) ಬರೆದಿರುತ್ತದೆ. ಜೊತೆಗೆ "ಇವುಗಳಲ್ಲಿ ಕನಿಷ್ಠ ಇಷ್ಟು ಸಹಿ ಬೇಕು" ಎಂಬ ಒಂದು ಸಂಖ್ಯೆ. ಪ್ರಯೋಗದ ಶಾಖೆಗೆ ಒಂದು ಸಹಿ ಸಾಕು ಎಂದಿಡಬಹುದು. ಜನಸಾಮಾನ್ಯರ ಶಾಖೆಗೆ ಎರಡೋ ಮೂರೋ. ಒಬ್ಬರ ಲ್ಯಾಪ್‌ಟಾಪ್ ಕಳುವಾದರೂ, ಒಬ್ಬರ ತಲೆ ಕೆಟ್ಟರೂ ಊರಿನ ರೂಟರ್‌ಗಳು ಕೈತಪ್ಪುವುದಿಲ್ಲ.

ಇಲ್ಲಿ ನಡೆಸುವವರಿಗಷ್ಟೇ ಗೊತ್ತಾಗುವ ಒಂದು ಕಷ್ಟ ಇದೆ. ಸ್ವಯಂಸೇವಕರು ಬದಲಾಗುತ್ತಾರೆ. ಓದು ಮುಗಿಯುತ್ತದೆ, ಬೇರೆ ಊರಿಗೆ ಕೆಲಸ ಸಿಗುತ್ತದೆ, ಮಗು ಹುಟ್ಟುತ್ತದೆ. ನಾಲ್ಕು ಕೀಗಳಲ್ಲಿ ಮೂರು ಸಹಿ ಬೇಕು ಎಂದಿಟ್ಟಿದ್ದೀರಿ, ಇಬ್ಬರು ಸಂಪರ್ಕಕ್ಕೇ ಸಿಗುತ್ತಿಲ್ಲ. ಮುಗಿಯಿತು. ಕೀಗಳ ಪಟ್ಟಿ ಬದಲಿಸಲು ಹೊಸ ಫರ್ಮ್‌ವೇರ್ ಬೇಕು, ಹೊಸ ಫರ್ಮ್‌ವೇರ್‌ಗೆ ಹಳೆಯವರ ಸಹಿ ಬೇಕು. ಆದ್ದರಿಂದ ಒಬ್ಬರು ಬಿಟ್ಟುಹೋಗುವ ಸೂಚನೆ ಕಂಡ ಕೂಡಲೇ, ಬೀಳ್ಕೊಡುಗೆ ಕಾಫಿಗಿಂತ ಮೊದಲು, ಹೊಸಬರ ಕೀ ಸೇರಿಸಿದ ಆವೃತ್ತಿ ಹೊರಡಿಸಬೇಕು.

ಬೆಳಗಿನ ಜಾವ ನಾಲ್ಕು ಗಂಟೆ

ಸೇವೆ ಕಟ್ಟುವುದು ಒಂದು ಕೆಲಸ. ನಡೆಸುವುದು ಬೇರೆಯೇ ಕೆಲಸ.

ಫರ್ಮ್‌ವೇರ್ ಬಿಡುಗಡೆಯಾದ ಕೂಡಲೇ ಎಲ್ಲ ರೂಟರ್‌ಗಳೂ ಅದನ್ನು ಹಾಕಿಕೊಂಡರೆ ಏನಾಗುತ್ತದೆ? ಅದರಲ್ಲಿ ತಪ್ಪಿದ್ದರೆ ಊರಿಗೆ ಊರೇ ಒಂದೇ ಸಲ ಕತ್ತಲು. ಅದಕ್ಕೆ ಗ್ಲೂಆನ್‌ನಲ್ಲಿ ಒಂದು ಸುಂದರ ಉಪಾಯ ಇದೆ. ಮ್ಯಾನಿಫೆಸ್ಟ್‌ನಲ್ಲಿ ಉದಾಹರಣೆಗೆ 7 ದಿನ ಎಂದು ಬರೆದಿದ್ದರೆ, ಪ್ರತಿ ರೂಟರ್ ಮನಸ್ಸಿನಲ್ಲೇ ದಾಳ ಹಾಕುತ್ತದೆ. ಬಿಡುಗಡೆಯ ಗಳಿಗೆಯಲ್ಲಿ ಗೆಲ್ಲುವ ಸಾಧ್ಯತೆ ಸೊನ್ನೆ. ದಿನ ಕಳೆದಂತೆ ಅದು ಏರುತ್ತಾ ಏಳನೇ ದಿನಕ್ಕೆ ಖಚಿತವಾಗುತ್ತದೆ. ಮೊದಲ ದಿನ ಬೆರಳೆಣಿಕೆಯಷ್ಟು ರೂಟರ್‌ಗಳು ಮಾತ್ರ. ನಡೆಸುವವರು ಜಾಲದ ರೂಟರ್‌ಗಳೆಲ್ಲ ಕಾಣುವ ನಕ್ಷೆ ನೋಡುತ್ತಾ ಕೂರುತ್ತಾರೆ. ಹೋದವು ಮರಳಿ ಬಂದವಾ? ಬರದಿದ್ದರೆ ಮ್ಯಾನಿಫೆಸ್ಟ್ ಫೈಲನ್ನು ತೆಗೆದುಬಿಟ್ಟರೆ ಆಯಿತು, ಉಳಿದವು ಬಚಾವ್. ಯಾವ ರೂಟರ್ ಮೊದಲು, ಯಾವುದು ಆಮೇಲೆ ಎಂದು ಸರ್ವರ್ ಪಟ್ಟಿ ಇಡುವ ಗೋಜೇ ಇಲ್ಲ.

ಹೊತ್ತು ಕೂಡ ಯೋಚಿಸಿ ಇಟ್ಟದ್ದು. ಗಂಟೆಗೊಮ್ಮೆ ನೋಡಿದರೂ, ಹಾಕಿಕೊಳ್ಳುವುದು ಸಾಮಾನ್ಯವಾಗಿ ಬೆಳಗಿನ ಜಾವ 4ರಿಂದ 5ರ ನಡುವೆ. ಆ ಹೊತ್ತಿಗೆ ಬಳಸುವವರು ಕಡಿಮೆ. ಆದರೆ ಕೆಲವು ಅಂಗಡಿಯವರು ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಮನೆಗೆ ಹೋಗುತ್ತಾರಲ್ಲ? ಅವರ ರೂಟರ್‌ಗೆ ನಾಲ್ಕು ಗಂಟೆ ಎಂಬುದೇ ಬರುವುದಿಲ್ಲ. ಅದಕ್ಕೂ ದಾರಿ ಇದೆ: ಹೇಳಿದ ದಿನಗಳು ಮುಗಿದು ಮತ್ತೆ 24 ಗಂಟೆ ಕಳೆದರೆ, ಹಗಲಾದರೂ ಸರಿ, ಕಂಡಾಗ ಹಾಕಿಕೊಳ್ಳುತ್ತದೆ.

ಹಾಕಿಕೊಳ್ಳುವ ಗಳಿಗೆಯೇ ಅಪಾಯದ ಗಳಿಗೆ. 32 ಎಂಬಿ ರ‍್ಯಾಮ್‌ನಲ್ಲಿ ಹೊಸ ಇಮೇಜ್ (ಫರ್ಮ್‌ವೇರ್‌ನ ಫೈಲ್) ಇಡಲು ಜಾಗ ಮಾಡಿಕೊಳ್ಳಬೇಕು, ಅದಕ್ಕಾಗಿ ಬೇರೆ ಕೆಲಸಗಳನ್ನು ನಿಲ್ಲಿಸಬೇಕು. ಹ್ಯಾಶ್ ತಾಳೆಯಾದ ಮೇಲೆ ಫ್ಲ್ಯಾಶ್‌ಗೆ ಬರೆಯಲು ಶುರು. ನಡುವೆ ಕರೆಂಟ್ ಹೋದರೆ ರೂಟರ್ ಮತ್ತೆ ಏಳುವುದಿಲ್ಲ, ಬರೀ ಇಟ್ಟಿಗೆ. 841ಎನ್‌ನ ಹೆಚ್ಚಿನ ಆವೃತ್ತಿಗಳಲ್ಲಿ ರೀಸೆಟ್ ಗುಂಡಿ ಒತ್ತಿ ಹಿಡಿದು ಆನ್ ಮಾಡಿ, ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆಯ ವಿಧಾನದಲ್ಲಿ ಇಮೇಜ್ ಕೊಟ್ಟು ಬದುಕಿಸಬಹುದು. ಆದರೆ ಅದಕ್ಕೆ ಲ್ಯಾಪ್‌ಟಾಪ್ ಹಿಡಿದು ಆ ಕಿಟಕಿಯ ಹತ್ತಿರಕ್ಕೇ ಹೋಗಬೇಕು. ಕರೆಂಟಿನ ವಿಷಯದಲ್ಲಿ ಜರ್ಮನಿ ಪುಣ್ಯವಂತ ದೇಶ. ಈ ವಿನ್ಯಾಸವನ್ನು ನಮ್ಮ ಮಲೆನಾಡಿನ ಮಳೆಗಾಲಕ್ಕೆ ತರುವವರು ಎರಡು ಪಾರ್ಟಿಷನ್ ಇರುವ, ಒಂದು ಕೆಟ್ಟರೆ ಇನ್ನೊಂದರಿಂದ ಏಳುವ ರೂಟರನ್ನೇ ಕೊಳ್ಳಲಿ.

ಮೆಶ್‌ಗೆ ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಕೂತ ಕೊಂಬೆಯನ್ನೇ ಕಡಿಯುವ ಸಮಸ್ಯೆ. ಮೂರು ರೂಟರ್ ಸಾಲಾಗಿವೆ ಎನ್ನಿ. ಮೊದಲನೆಯದಕ್ಕೆ ಇಂಟರ್‌ನೆಟ್ ಇದೆ, ಎರಡನೆಯದು ಮೊದಲನೆಯದನ್ನು ಹಿಡಿದಿದೆ, ಮೂರನೆಯದು ಎರಡನೆಯದನ್ನು. ಹೊಸ ಫರ್ಮ್‌ವೇರ್‌ನಲ್ಲಿ ಮೆಶ್ ಮಾತನಾಡುವ ಭಾಷೆಯೇ ಬದಲಾಗಿದೆ. ಬ್ಯಾಟ್‌ಮನ್ ಎಂಬ ಮೆಶ್ ಪ್ರೊಟೋಕಾಲ್‌ನ 14ನೇ ಹೊಂದಾಣಿಕೆ ಆವೃತ್ತಿಯಿಂದ 15ಕ್ಕೆ ಬಂದಾಗ ಹೀಗೆಯೇ ಆಯಿತು. ಹಳೆಯದಕ್ಕೆ ಹೊಸದರ ಮಾತು ತಿಳಿಯುವುದಿಲ್ಲ. ಮೊದಲನೆಯ ರೂಟರ್ ದಾಳ ಗೆದ್ದು ಅಪ್‌ಡೇಟ್ ಆಯಿತು. ಹಿಂದಿನ ಎರಡೂ ಅನಾಥ. ಅಪ್‌ಡೇಟ್ ತರಲು ಅವಕ್ಕೀಗ ದಾರಿಯೇ ಇಲ್ಲ. ಅಂದರೆ ದಾಳದ ಉಪಾಯ ಎಷ್ಟು ಚೆನ್ನವೋ ಇಲ್ಲಿ ಅಷ್ಟೇ ಕೆಡುಕು.

ಇದಕ್ಕೆ ಗ್ಲೂಆನ್‌ನಲ್ಲಿ ಬಂದ ಪರಿಹಾರ, ಬದಲಾವಣೆಯನ್ನು ಎರಡಾಗಿ ಒಡೆಯುವುದು. ಮೊದಲು ಹಳೆಯ ಭಾಷೆಯಲ್ಲೇ ಮಾತಾಡುವ, ಆದರೆ ಹೊಸದೂ ಗೊತ್ತಿರುವ ಫರ್ಮ್‌ವೇರ್ ಹೊರಡುತ್ತದೆ. ಅದರೊಳಗೆ ಒಂದು ಮುಹೂರ್ತ ಬರೆದಿರುತ್ತದೆ. ಎಲ್ಲ ಕಡೆ ತಲುಪಿದ ಮೇಲೆ, ಆ ಗಳಿಗೆ ಬಂದಾಗ, ಎಲ್ಲವೂ ಒಟ್ಟಿಗೆ ಹೊಸ ಭಾಷೆಗೆ ತಿರುಗುತ್ತವೆ. ಆ ಹೊತ್ತಿಗೆ ನಿದ್ದೆಯಲ್ಲಿದ್ದ ರೂಟರ್ ಎದ್ದು ನೋಡಿದರೆ ಸುತ್ತ ಯಾರೂ ಇಲ್ಲ. ಇಷ್ಟು ನಿಮಿಷ ಯಾರೂ ಸಿಗದಿದ್ದರೆ ತಾನೂ ತಿರುಗಬೇಕು ಎಂದು ಅದಕ್ಕೆ ಮೊದಲೇ ಹೇಳಿರುತ್ತದೆ. ಇಂಥ ಬುದ್ಧಿ ಮೇಜಿನ ಮುಂದೆ ಕೂತು ಯೋಚಿಸಿದರೆ ಬರುವುದಲ್ಲ. ಒಮ್ಮೆ ಏಣಿ ಹೊತ್ತು ಊರು ಸುತ್ತಿದವರಿಗೆ ಬರುವುದು.

ಸೊನ್ನೆಯ ಲೆಕ್ಕ

ಈಗ ಆ 128 ಸೊನ್ನೆಗೆ ಬರೋಣ.

ಗ್ಲೂಆನ್ ಬಳಸುವ ಸಹಿಯ ಬಗೆ ಇಸಿಡಿಎಸ್‌ಎ. ಇದರಲ್ಲಿ ಸಹಿ ಎಂದರೆ ಎರಡು ದೊಡ್ಡ ಸಂಖ್ಯೆ. ಅವುಗಳನ್ನು ಆರ್ ಮತ್ತು ಎಸ್ ಎನ್ನುತ್ತಾರೆ. ಒಂದೊಂದೂ 32 ಬೈಟ್. ಪಠ್ಯವಾಗಿ ಬರೆದರೆ ಒಂದು ಬೈಟ್‌ಗೆ ಎರಡು ಅಕ್ಷರದಂತೆ 64 ಮತ್ತು 64, ಒಟ್ಟು 128 ಅಕ್ಷರ.

ತಾಳೆ ನೋಡುವ ಲೆಕ್ಕವನ್ನು ಒರಟಾಗಿ ಹೀಗೆ ಹೇಳಬಹುದು. ಮೊದಲು ಎಸ್‌ನ ವಿಲೋಮ (ಎಸ್ ಜೊತೆ ಗುಣಿಸಿದರೆ 1 ಬರುವ ಸಂಖ್ಯೆ) ತೆಗೆಯಿರಿ. ಅದರಿಂದ ಫೈಲಿನ ಹ್ಯಾಶನ್ನು ಗುಣಿಸಿ, ಆರ್ ಅನ್ನೂ ಗುಣಿಸಿ. ಎರಡು ಗುಣಕ ಸಿಕ್ಕವು. ಒಂದರಿಂದ ಎಲ್ಲರಿಗೂ ಗೊತ್ತಿರುವ ಒಂದು ಬಿಂದುವನ್ನು ಗುಣಿಸಿ. ಇನ್ನೊಂದರಿಂದ ಸಹಿ ಹಾಕಿದವರ ಪಬ್ಲಿಕ್ ಕೀಯನ್ನು ಗುಣಿಸಿ. ಎರಡನ್ನೂ ಕೂಡಿಸಿ. ಬಂದ ಬಿಂದುವಿನ ಒಂದು ನಿರ್ದೇಶಾಂಕ ಆರ್‌ಗೆ ಸಮವಾದರೆ ಸಹಿ ಸರಿ.

ಈಗ ಆರ್ ಸೊನ್ನೆ, ಎಸ್ ಸೊನ್ನೆ ಎಂದು ಇಡಿ. ಸೊನ್ನೆಗೆ ವಿಲೋಮ ಇಲ್ಲ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಪ್ರೋಗ್ರಾಮ್‌ಗೆ ಕೇಳಿದರೆ ಅದು ತನ್ನ ಲೆಕ್ಕ ಮಾಡಿ ಸೊನ್ನೆಯನ್ನೇ ಕೊಡುತ್ತದೆ. ಆಗ ಎರಡು ಗುಣಕವೂ ಸೊನ್ನೆ. ಫೈಲ್ ಲೆಕ್ಕದಿಂದ ಬಿದ್ದುಹೋಯಿತು. ಪಬ್ಲಿಕ್ ಕೀ ಕೂಡ ಬಿದ್ದುಹೋಯಿತು. ಬಂದ ಉತ್ತರ ಸೊನ್ನೆ. ಆರ್ ಎಷ್ಟು? ಸೊನ್ನೆ. ಸಮ! ಸಹಿ ಸರಿ!

ಯಾವ ಫೈಲಿಗಾದರೂ, ಯಾರ ಕೀಗಾದರೂ ಇದು ಸರಿ. ಕೀ ಕದಿಯಬೇಕಿಲ್ಲ, ಕಂಪ್ಯೂಟರ್ ಓಡಿಸಬೇಕಿಲ್ಲ, ಕೈಯಲ್ಲೇ ಬರೆಯಬಹುದು. ಇದು ಆಗದಂತೆ ತಡೆಯಲು ಪಠ್ಯಪುಸ್ತಕದ ಮೊದಲ ಹೆಜ್ಜೆಯೇ ಇದೆ: ಆರ್ ಮತ್ತು ಎಸ್ ಸೊನ್ನೆಯಲ್ಲ ಎಂದು ಮೊದಲು ನೋಡಿಕೊಳ್ಳಿ. ಗ್ಲೂಆನ್ ಸಹಿ ತಾಳೆ ನೋಡಲು ಬಳಸುವ ಇಸಿಡಿಎಸ್‌ಎ-ಯುಟಿಲ್ಸ್ ಎಂಬ ಚಿಕ್ಕ ತಂತ್ರಾಂಶದಲ್ಲಿ ಆ ಹೆಜ್ಜೆ ಬಿಟ್ಟುಹೋಗಿತ್ತು. ಭದ್ರತಾ ತಪ್ಪುಗಳ ಸಾರ್ವಜನಿಕ ಪಟ್ಟಿಯಲ್ಲಿ ಈ ತಪ್ಪಿಗೆ ಕೊಟ್ಟ ನಂಬರ್ ಸಿವಿಇ-2022-24884.

ಚಿಕ್ಕ ಗುಂಪು, ಬಿಡುವಿನ ವೇಳೆಯ ಕೆಲಸ, ಹಾಗಾಗಿ ಆಯಿತು ಎನ್ನುವವರಿಗೆ ಒಂದು ಮಾತು. ಅದಕ್ಕೆ ಸುಮಾರು ಎರಡು ವಾರ ಮೊದಲು, 2022ರ ಏಪ್ರಿಲ್ 19ರಂದು, ಒರಾಕಲ್ ಕಂಪನಿ ಜಾವಾ ಎಂಬ ತನ್ನ ಪ್ರೋಗ್ರಾಮಿಂಗ್ ತಂತ್ರಾಂಶಕ್ಕೆ ಒಂದು ತೇಪೆ (ತಪ್ಪು ಸರಿಪಡಿಸುವ ಬದಲಾವಣೆ) ಬಿಡುಗಡೆ ಮಾಡಿತು. ಜಾವಾ 15ರಿಂದ 18ರವರೆಗಿನ ಆವೃತ್ತಿಗಳಲ್ಲಿ ಇದೇ ತಪ್ಪು ಇತ್ತು, ಇದೇ ಸೊನ್ನೆ. ಅದನ್ನು ಕಂಡುಹಿಡಿದವರು ಭದ್ರತಾ ತಜ್ಞ ನೀಲ್ ಮ್ಯಾಡನ್. ಅಷ್ಟು ದೊಡ್ಡ ಕಂಪನಿಯೂ ಅದೇ ಹಳ್ಳದಲ್ಲಿ ಬಿದ್ದಿತ್ತು.

ನನ್ನನ್ನು ಬಹಳ ಕಾಡಿದ್ದು ಎರಡನೇ ಸಹಿಯ ವಿಷಯ. ಎರಡು ಮೂರು ಜನರ ಸಹಿ ಬೇಕು ಎಂಬ ನಿಯಮ ಇತ್ತಲ್ಲ, ಅದು ಕಾಪಾಡಲಿಲ್ಲವೇ? ಇಲ್ಲ. ಸೊನ್ನೆಯ ಸಾಲನ್ನು ಎರಡು ಸಲ ಬರೆದರೆ ಒಂದು ಈ ಕೀಗೆ ಸರಿಹೋಗುತ್ತದೆ, ಇನ್ನೊಂದು ಆ ಕೀಗೆ. ಮೂರು ಬೇಕಿದ್ದರೆ ಮೂರು ಸಲ. ಬಾಗಿಲಿಗೆ ಮೂರು ಬೀಗ ಹಾಕಿದ್ದರು. ಮೂರನ್ನೂ ಒಬ್ಬನೇ ಕಮ್ಮಾರ ಒಂದೇ ಅಚ್ಚಿನಲ್ಲಿ ಮಾಡಿದ್ದ. ಕೀ ಇಟ್ಟುಕೊಂಡವರು ಬೇರೆ ಬೇರೆ ಜನ, ನಿಜ. ಆದರೆ ತಾಳೆ ನೋಡುವವನು ಒಬ್ಬನೇ. ನಿಯಮ ಬರೆದವರ ಕಣ್ಣು ಕೀ ಕಳೆದುಕೊಳ್ಳುವ ಮನುಷ್ಯರ ಮೇಲಿತ್ತು. ಸೋತದ್ದು ಆ ಒಂದು ಫಂಕ್ಷನ್. ದಾರಿಯನ್ನು ನಂಬುವುದಿಲ್ಲ ಎಂದು ಎಲ್ಲ ಭಾರವನ್ನೂ ಅದರ ಮೇಲೆ ಹೊರಿಸಿದ್ದರು. ಆ ಭಾರಕ್ಕೆ ತಕ್ಕ ಪರೀಕ್ಷೆ ಅದಕ್ಕೆ ಆಗಿರಲಿಲ್ಲ. ತಪ್ಪು ಸಹಿ ಕೊಟ್ಟಾಗ ಬೇಡ ಎನ್ನುತ್ತದೆಯೇ ಎಂದು ನೋಡುವಾಗ ನಾವೆಲ್ಲ ಒಂದಕ್ಷರ ಬದಲಿಸಿ ನೋಡುತ್ತೇವೆ. ಖಾಲಿ, ಸೊನ್ನೆ, ಮಿತಿ ಮೀರಿದ್ದು, ಒಂದೇ ಸಹಿ ಎರಡು ಸಲ, ಇವನ್ನೆಲ್ಲ ಕೊಟ್ಟು ನೋಡುವವರು ಕಡಿಮೆ. ಸಹಿ ನೋಡುವ ಕೋಡ್ ನಿಮ್ಮ ಬಳಿ ಇದ್ದರೆ ಇವತ್ತೇ ಸೊನ್ನೆ ಕೊಟ್ಟು ನೋಡಿ. ಐದು ನಿಮಿಷದ ಕೆಲಸ.

ರಿಪೇರಿ ಹೋಗಬೇಕಾದ ದಾರಿ

ತೇಪೆ ಸುಲಭ. ಇಸಿಡಿಎಸ್‌ಎ-ಯುಟಿಲ್ಸ್ 0.4.1 ಬಂತು, ಅದನ್ನು ಸೇರಿಸಿದ ಗ್ಲೂಆನ್ 2021.1.2 ಬಂತು. ಕಷ್ಟ ಬೇರೆಯದು. ಆ ತೇಪೆ ರೂಟರ್‌ಗೆ ತಲುಪಬೇಕು. ತಲುಪುವ ದಾರಿ ಯಾವುದು? ತೂತಾಗಿರುವ ಅದೇ ಅಪ್‌ಡೇಟ್ ದಾರಿ.

ಗ್ಲೂಆನ್‌ನವರ ಸಲಹೆ ಕಟ್ಟುನಿಟ್ಟಾಗಿತ್ತು. ಮೊದಲು ರೂಟರ್‌ನಲ್ಲಿ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ, ಸರಿಪಡಿಸಿದ ಫರ್ಮ್‌ವೇರನ್ನು ಕೈಯಾರೆ ಹಾಕಿ, ಆಮೇಲೆ ಮತ್ತೆ ಶುರು ಮಾಡಿ. ಎಸ್‌ಎಸ್‌ಎಚ್ ಕೀ ಹಾಕಿಕೊಂಡಿದ್ದ ಮನೆಯವರಿಗೆ ಇದು ಎರಡು ಸಾಲಿನ ಕೆಲಸ. ಕೀ ಇಲ್ಲದ ರೂಟರ್‌ಗಳಿಗೆ? ಗುಂಪಿನವರು ಒಳಗೆ ಹೋಗುವಂತಿಲ್ಲ. ಆ ವಿನ್ಯಾಸವನ್ನು ನಾವೇ ಮೆಚ್ಚಿಕೊಂಡೆವಲ್ಲ.

ಇಲ್ಲಿ ನನ್ನ ಅಭಿಪ್ರಾಯ ಸಲಹೆಗಿಂತ ಸ್ವಲ್ಪ ಸಡಿಲ. ಕೀ ಇಲ್ಲದ ರೂಟರ್‌ಗೆ ಹಳೆಯ ದಾರಿಯಲ್ಲೇ ತೇಪೆ ಕಳಿಸುವುದು ಸರಿ, ಅದೂ ದಿನಗಳ ಲೆಕ್ಕವನ್ನು ಆದಷ್ಟು ಕಡಿಮೆ ಇಟ್ಟು. ದಾರಿಯಲ್ಲಿ ಕಳ್ಳ ಕೂತಿದ್ದರೆ ತೇಪೆ ಕಳಿಸಿದರೂ, ಸುಮ್ನೆ ಇದ್ದರೂ ಅವನು ಒಳಗೆ ಬರಬಲ್ಲ. ಕೂತಿಲ್ಲದಿದ್ದರೆ ತೇಪೆ ನೆಟ್ಟಗೆ ತಲುಪಿ ಬಾಗಿಲು ಮುಚ್ಚುತ್ತದೆ. ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಅವಸರದ ಬಿಡುಗಡೆಯಲ್ಲಿ ದಾಳದ ಉಪಾಯ ಕೈಬಿಟ್ಟುಹೋಗುತ್ತದೆ. ತೇಪೆಯಲ್ಲೇ ತಪ್ಪಿದ್ದರೆ ನೋಡಿ ನಿಲ್ಲಿಸಲು ಸಮಯ ಇರುವುದಿಲ್ಲ. ಅದಕ್ಕೇ ತೇಪೆಯ ಫರ್ಮ್‌ವೇರ್‌ನಲ್ಲಿ ಆ ಒಂದು ಬದಲಾವಣೆ ಬಿಟ್ಟು ಬೇರೇನೂ ಇರಬಾರದು. "ಹೇಗೂ ಹೊರಡಿಸುತ್ತಿದ್ದೇವೆ, ಇದನ್ನೂ ಸೇರಿಸಿಬಿಡೋಣ" ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಆ ದಿನ ಅವರ ಮಾತು ಕೇಳಬಾರದು.

ಇನ್ನೊಂದು ತೊಡಕು 4 ಎಂಬಿಯದು. ಓಪನ್‌ಡಬ್ಲ್ಯೂಆರ್‌ಟಿ 19.07ರ ನಂತರ ಅಷ್ಟು ಚಿಕ್ಕ ರೂಟರ್‌ಗಳಿಗೆ ಅಧಿಕೃತ ಇಮೇಜ್ ಕೊಡುವುದು ನಿಂತಿತು. ಗ್ಲೂಆನ್ 2021.1 ಕಟ್ಟಿರುವುದು ಆ 19.07ರ ಮೇಲೆ. ಹೀಗಾಗಿ 841ಎನ್‌ನಂಥ ರೂಟರ್‌ಗಳು ಈ ತೇಪೆಯನ್ನು ಪಡೆಯುವ ಗಡಿಯೊಳಗೆ ಹೇಗೋ ಉಳಿದವು. ಮುಂದಿನ 2022.1ರ ಸಾಲಿನಲ್ಲಿ ಅವಕ್ಕೆ ಜಾಗ ಇರಲಿಲ್ಲ. ಒಂದು ವರ್ಷ ತಡವಾಗಿ ತಪ್ಪು ಸಿಕ್ಕಿದ್ದರೆ ಹಳೆಯ ಸಾಲಿಗೆ ಯಾರಾದರೂ ಮತ್ತೆ ಕೈಹಾಕಬೇಕಿತ್ತು.

ಉಳಿದದ್ದು, ಯಾವಾಗಲೋ ಯಾರೋ ಅಪ್‌ಡೇಟ್ ನಿಲ್ಲಿಸಿಟ್ಟ ರೂಟರ್‌ಗಳು. ಅವಕ್ಕೆ ಈ ದಾರಿಯಲ್ಲಿ ಹೊಸದೂ ಬರುವುದಿಲ್ಲ, ಸೊನ್ನೆಯೂ ಬರುವುದಿಲ್ಲ. ಸರಿಪಡಿಸಲು ಹತ್ತಿರ ಹೋಗಿ ರೀಸೆಟ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ದೀಪ ಮಿಣುಕತೊಡಗುತ್ತದೆ. ಕೇಬಲ್ ಸಿಕ್ಕಿಸಿ, ಬ್ರೌಸರ್‌ನಲ್ಲಿ 192.168.1.1 ತೆರೆದು ಇಮೇಜ್ ಹಾಕಬೇಕು. ಯಾರ ಮನೆಗೆ ಹೋಗಬೇಕು ಎಂದು ತಿಳಿಯಲು ಗ್ಲೂಆನ್‌ನಲ್ಲಿ ಸಂಪರ್ಕ ಬರೆಯುವ ಒಂದು ಪೆಟ್ಟಿಗೆ ಇದೆ. ಅದನ್ನು ತುಂಬುವುದು ತಾನಾಗಿ ಕಡ್ಡಾಯವಲ್ಲ, ಗುಂಪು ಬೇಕೆಂದರೆ ಕಡ್ಡಾಯ ಮಾಡಿಕೊಳ್ಳಬಹುದು. ಪೆಟ್ಟಿಗೆ ಖಾಲಿಯಿದ್ದರೆ ನಕ್ಷೆಯಲ್ಲಿ ಕಾಣುವುದು ಒಂದು ಹಸಿರು ಚುಕ್ಕೆ, ಮನೆಯವರು ಇಟ್ಟ ಒಂದು ಹೆಸರು, ಕೆಳಗೆ ಹಳೆಯ ಆವೃತ್ತಿಯ ನಂಬರ್. ಏಣಿ ಹಿಡಿದು ಹೊರಟವರು ಆ ಬೀದಿಯಲ್ಲಿ ನಿಂತು, ಫೋನಿನಲ್ಲಿ ವೈಫೈ ಸಿಗ್ನಲ್ ಎಲ್ಲಿ ಜಾಸ್ತಿ ಇದೆ ಎಂದು ನೋಡುತ್ತಾ ಬಾಗಿಲು ಹುಡುಕಬೇಕು.